ಷರಾ

ಪರಶುರಾಂಪುರದ ಆಚೆ, ಎರೆ ಹೊಲದ ನಡುವೆ,
ಕೋಲಿನ ತುದಿಗೆ ಕಟ್ಟಿದ ಯಂತ್ರಕ್ಕೆ ಎರಡು ಕಣ್ಣು.
ಮೇಲಿನದು ಆಕಾಶ ಕೊಟ್ಟದ್ದನ್ನು ಎಣಿಸುತ್ತದೆ,
ಕೆಳಗಿನದು ಜೋಳ ತಿರುಗಿ ಕೊಟ್ಟದ್ದನ್ನು.
ಹನ್ನೆರಡು ಗಂಟೆಗೆ ನಾನು ಅದರ ಉತ್ತರಕ್ಕೆ ನಿಲ್ಲಬೇಕು,
ನನ್ನ ನೆರಳು ಲೆಕ್ಕದೊಳಗೆ ಬೀಳಬಾರದು.

ಆರು ಮಡಿ ಊರ ಜೋಳ:
ನೂರು ಬಂದರೆ ಹದಿನೆಂಟು ವಾಪಸ್ಸು.
ಆರು ಮಡಿ ಹೊಸದು: ಎಲೆಯ ಮೇಲೆ ಮೇಣದ ಪುಡಿ,
ಸವರಿದರೆ ಬೆರಳಿಗೆ ವಿಭೂತಿಯಂತೆ ಹತ್ತುತ್ತದೆ:
ನೂರು ಬಂದರೆ ಇಪ್ಪತ್ತೊಂದು.
ಆ ಮೂರಕ್ಕಾಗಿ
ಚಳಿಗಾಲವಿಡೀ ನನಗೆ ದಿನಗೂಲಿ.

ಕಳೆ ಕೀಳಲು ಬರುವ ಪಾಲಮ್ಮ
ಮೊದಲ ವಾರವೇ ತೀರ್ಪು ಕೊಟ್ಟಳು:
"ಕಾಮಾಲೆ ಬಂದೈತೆ ಕಣವ್ವ ಇದಕ್ಕೆ.
ಒಂದು ಹಿಡಿ ಯೂರಿಯಾ ಚೆಲ್ಲು, ಕರ್ರಗಾಗ್ತತೆ."

ನಮ್ಮ ಕಡೆ ಬೆಳೆಯನ್ನು ಮೆಚ್ಚುವುದೇ ಹಾಗೆ,
ಹೊಲ ಕರ್ರಗೆ ಎದ್ದೈತೆ, ಅಂತ.
ಹುಡುಗಿಯನ್ನು ಹಾಗೆ ಮೆಚ್ಚಿದವರಿಲ್ಲ.
ಹದಿನಾರಕ್ಕೇ ನನ್ನ ಮುಖಕ್ಕೆ ಕಡಲೆಹಿಟ್ಟು, ಹಾಲಕೆನೆ,
ಆಮೇಲೆ ಗುಲಾಬಿ ಬಣ್ಣದ ಟ್ಯೂಬು;
ಸೋದರತ್ತೆ ಕಿಟಕಿಯ ಬೆಳಕಿಗೆ ನನ್ನ ಗಲ್ಲ ತಿರುಗಿಸಿ
ಎಷ್ಟು ತಿಳಿಯಾಯಿತೆಂದು ವಾರವಾರ ನೋಡಿದಳು.
ಪಾಪ, ಅವಳ ಬಳಿ ಯಂತ್ರ ಇರಲಿಲ್ಲ.
ಈಗ ಜೋಳಕ್ಕೂ ಅದೇ ಬುದ್ಧಿವಾದ:
ಸ್ವಲ್ಪ ಬೆಳ್ಳಗಾಗು ತಾಯಿ, ಲೋಕ ತಂಪಾಗಲಿ.
ನನಗೆ ನಗು ಬಂತು.
ಆಮೇಲೆ ಬರಲಿಲ್ಲ.

ಹಾಲಸ್ವಾಮಿ ಸರ್ ತಿಂಗಳಿಗೊಮ್ಮೆ ಜೀಪಿನಲ್ಲಿ ಬರುತ್ತಾರೆ.
ಒಂದು ಹೊಲದಿಂದ ಏನೂ ಆಗದು ಎಂದು
ಅವರೇ ಮೊದಲು ಹೇಳುತ್ತಾರೆ.
ಸೀಮೆಗೆ ಸೀಮೆಯೇ ಬಿತ್ತಿದರೆ,
ಬೆಳೆ ನಿಂತಿರುವಷ್ಟು ದಿನ, ಮಧ್ಯಾಹ್ನಕ್ಕೆ
ಅರ್ಧ ಡಿಗ್ರಿ ಇಳಿಯಬಹುದು, ಎನ್ನುತ್ತಾರೆ.
ಆ "ಬಹುದು" ಎನ್ನುವಾಗ ಅವರು ನೆಲ ನೋಡುತ್ತಾರೆ;
ಅದಕ್ಕೇ ನಾನು ಅವರನ್ನು ನಂಬುವುದು.
"ಕೊಯ್ಲಾದ ಮ್ಯಾಲೆ?" ಪಾಲಮ್ಮ ಕೇಳಿದಳು.
ಎರೆ ನೆಲ ಮತ್ತೆ ಎಲ್ಲವನ್ನೂ ಕುಡಿಯುತ್ತದೆ.
"ರೊಟ್ಟಿ ತಟ್ಟಕ್ಕೆ ಬರ್ತತಾ?"
ಅದಕ್ಕೆ ಅಂಕಣವಿಲ್ಲ.

ಬದುವಿನ ಮೇಲೆ ಕುರಿ ಕಾಯುವ ಕಾಟಯ್ಯನಿಗೆ ಬೇರೆ ಚಿಂತೆ:
"ಬಿಸಿಲ್ನ ವಾಪಸ್ ಕಳಿಸಿದ್ರೆ ಎಲ್ಲಿಗೆ ಹೋಗ್ತತೆ?
ಪಕ್ಕದೋನ ಹೊಲಕ್ಕಾ?"
ಬಂದ ದಾರಿಗೆ, ಅಂದೆ.
ಅವನು ಮೇಲೆ ನೋಡಿ ಕಣ್ಣು ಕಿರಿದು ಮಾಡಿ
ಕರಿ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ.
ಅದರೊಳಗೆ ಅವನಿಗೆ ತಂಪಂತೆ.

ಒಂದು ಸಂಜೆ ಕೊನೆಯ ಬಸ್ಸು ತಪ್ಪಿತು.
ಬೆಳದಿಂಗಳಿಗೆ ಊರ ಜೋಳ ಕಾಣಿಸದೆ ಹೋಗಿ
ಆರು ಮಡಿ ಮಾತ್ರ ನಿಂತವು,
ಯಾರೋ ಮಜ್ಜಿಗೆ ಚೆಲ್ಲಿ ಮರೆತಂತೆ.
ಅಷ್ಟು ಹೊತ್ತು ನಾನು ಏನನ್ನೂ ಅಳೆಯಲಿಲ್ಲ.

ಮರುದಿನ, ಲೆಕ್ಕ ಬರೆದಾದ ಮೇಲೆ,
ಯಂತ್ರವನ್ನು ಕೆಳಗಿಳಿಸಿ ಕಾಟಯ್ಯನ ಕಂಬಳಿ ಹಾಸಿದೆ:
ನಾಲ್ಕು.
ಪಾಲಮ್ಮ ತುರುಬು ಬಿಚ್ಚಿ ತಲೆ ಬಗ್ಗಿಸಿದಳು,
"ನಗಬ್ಯಾಡ ಮತ್ತೆ": ಮೂವತ್ತೊಂದು.
ಕೊನೆಗೆ ನನ್ನ ಎರಡು ತೋಳು ಜೋಡಿಸಿ ಒಡ್ಡಿದೆ.
ಮುಳ್ಳು ಸ್ವಲ್ಪ ಅಲ್ಲಾಡಿ ನಿಂತಿತು.
ಹದಿನೆಂಟು.
ಊರ ಜೋಳದಷ್ಟೇ.

ರಿಜಿಸ್ಟರಿನ ಕೊನೆಯ ಅಂಕಣ ಷರಾ.
ಮೋಡ ಬಂತು, ಗಾಳಿ ಎದ್ದಿತು, ಕುರಿ ನುಗ್ಗಿದವು,
ಇಷ್ಟನ್ನೇ ಅಲ್ಲಿ ಬರೆಯಬೇಕು.
ನಾನು ಹನ್ನೆರಡು ಸಾಲಿನ ಕೆಳಗೆ ಸ್ಕೇಲಿಟ್ಟು
ಇನ್ನೊಂದು ಗೆರೆ ಎಳೆದೆ:
ಮಡಿ ಹದಿಮೂರು. ಹದಿನೆಂಟು. ಮೇಣವಿಲ್ಲ.
ಷರಾ: ಬೆಳೆ ಕರ್ರಗೆ ಎದ್ದಿದೆ. ಯೂರಿಯಾ ಹಾಕಿಲ್ಲ.

ಹಾಲಸ್ವಾಮಿ ಸರ್ ಅದನ್ನು ಓದಿದರು.
ಹೊಡೆದುಹಾಕಲಿಲ್ಲ.
ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಪ್ರಶ್ನೆ:
ಆಗ ನೆರಳು ಎತ್ತ ಬಿದ್ದಿತ್ತು?